ಊತ ಇಳಿದ ಮೇಲೆ

"ಹಾಗೆ ತಿಕ್ಕಬೇಡಿ," ಎಂದಳು ಶಿವರಂಜಿನಿ.

ಬಸವಪ್ರಸಾದನ ಕೈ ಹೆಂಡತಿಯ ಪಾದದ ಮೇಲೆ ಹಾಗೇ ನಿಂತಿತು. ಹಿತ್ತಿಲ ಜಗಲಿಯಲ್ಲಿ ಮಣೆ ಹಾಕಿಕೊಂಡು ಅವನು ಕುಳಿತಿದ್ದ. ಕಾವ್ಯಶ್ರೀ ಕಂಬಕ್ಕೆ ಒರಗಿ ಎರಡೂ ಕಾಲುಗಳನ್ನು ಅವನ ತೊಡೆಯ ಮೇಲೆ ಚಾಚಿದ್ದಳು. ಗಿಣ್ಣು ಎಲ್ಲಿದೆ ಎಂದು ತಿಳಿಯದಷ್ಟು ಕಾಲು ಊದಿಕೊಂಡಿತ್ತು. ಪಕ್ಕದಲ್ಲಿ ಸೌಟಿನಲ್ಲಿ ಬಿಸಿ ಮಾಡಿದ ಹರಳೆಣ್ಣೆ.

"ಯಾಕತ್ಗೆ? ಎಣ್ಣೆ ಬೆಚ್ಗಿದ್ರೆ ವಸಿ ಆರಾಮಾಯ್ತದೆ ಅಂತಾಳೆ."

"ಆರಾಮ ಅನ್ನಿಸುತ್ತೆ ಅಷ್ಟೇ. ಒಳಗೆ ಊತ ಹೆಚ್ಚಾಗುತ್ತೆ. ಬಿಸಿ ಬೇಡ, ತಿಕ್ಕೋದೂ ಬೇಡ. ತಣ್ಣೀರಿನ ಬಟ್ಟೆ ಹಾಕಿ ಬಿಟ್ಟುಬಿಡಿ."

"ಐದೇ ನಿಮ್ಸ ಅಕ್ಕ," ಎಂದಳು ಕಾವ್ಯಶ್ರೀ.

ಶಿವರಂಜಿನಿ ಗಂಜಿಯ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟಳು. ಗುಂಡ್ಲುಪೇಟೆಯ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ಧ್ವನಿಯಲ್ಲೇ ಹೇಳಿದಳು. "ಈ ಊತ ವೈರಸ್ ಮಾಡಿದ್ದಲ್ಲ. ಮೈಯೇ ಮಾಡಿಕೊಂಡಿದ್ದು. ಜೀವಕೋಶದಲ್ಲಿ ಕಾವಲು ಇರುತ್ತೆ. ಬಂದವರು ಯಾರು, ಏನು ಹೆಸರು ಅಂತ ಅದಕ್ಕೆ ಗೊತ್ತಾಗೋದಿಲ್ಲ. ನಮ್ಮವರಲ್ಲ ಅನ್ನೋದಷ್ಟೇ ಗೊತ್ತಾಗೋದು. ಗೊತ್ತಾದ ತಕ್ಷಣ ಕೂಗು ಹಾಕುತ್ತೆ. ಆ ಕೂಗಿಗೆ ರಕ್ತನಾಳ ಅಗಲ ಆಗ್ತವೆ, ನೀರು ಇಳಿಯುತ್ತೆ, ಬಿಸಿ ಏರುತ್ತೆ. ಅದಕ್ಕೇ ಉರಿಯೂತ ಅನ್ನೋದು. ಅದರ ಮೇಲೆ ನೀವು ಬಿಸಿ ಎಣ್ಣೆ ಹಾಕಿ ಒತ್ತಿದರೆ ಒಲೆ ಊದಿದ ಹಾಗಾಯಿತು."

"ಅಂದ್ರೆ ನಮ್ ಮೈಯೇ ನಮ್ಗೆ ಒಡೀತಾ ಅದೆ ಅನ್ನಿ." ಬಸವಪ್ರಸಾದ ನಕ್ಕು ಹೆಂಡತಿಯ ಕಾಲುಗಳನ್ನು ಒಂದೊಂದಾಗಿ, ಮೊಟ್ಟೆ ಇಳಿಸುವವನಂತೆ, ಚಾಪೆಯ ಮೇಲಿಟ್ಟ. "ಓದ್ದೋರು ಹೇಳುದ್ ಮೇಲೆ ಮುಗೀತು ಬುಡು. ಈ ಕ್ಯಾಮೆ ನಂಗೂ ತಪ್ತು." ಎದ್ದು ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡ.

ಕಾವ್ಯಶ್ರೀ ತನ್ನ ಕಾಲುಗಳನ್ನು ನೋಡಿಕೊಂಡಳು. ಆಮೇಲೆ ಶಿವರಂಜಿನಿಯನ್ನು ನೋಡಿದಳು. ಶಿವರಂಜಿನಿ ಎಣ್ಣೆಯ ಸೌಟನ್ನು ಎತ್ತಿಕೊಂಡು ಒಳಗೆ ಹೋದಳು.

ಹೇಳಿದ್ದೆಲ್ಲ ಸತ್ಯವೇ. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಬರೆದುಕೊಂಡ ಟಿಪ್ಪಣಿ ಈಗಲೂ ಟ್ರಂಕಿನಲ್ಲಿತ್ತು. ಸತ್ಯವಲ್ಲದಿದ್ದರೂ ಅದನ್ನೇ ಹೇಳುತ್ತಿದ್ದೆ ಎಂಬುದೂ ಅವಳಿಗೆ ಗೊತ್ತಿತ್ತು.

ಅದು ೨೦೦೬ರ ಶ್ರಾವಣ. ಚಿಕುನ್‌ಗುನ್ಯ ಅವರ ಊರು ಹಂಗಳಕ್ಕೆ ಆಷಾಢದಲ್ಲೇ ಬಂದಿತ್ತು. ಬೀದಿಯಲ್ಲಿ ನೆಟ್ಟಗೆ ನಡೆಯುವವರೇ ಇರಲಿಲ್ಲ. ಇಪ್ಪತ್ತು ವರ್ಷದ ಹುಡುಗಿಯರು ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು. ಈ ಮನೆಯಲ್ಲಿ ಮೊದಲು ಅತ್ತೆ ಮಲ್ಲಾಜಮ್ಮ ಮಲಗಿದರು, ನಾಲ್ಕು ದಿನದ ಮೇಲೆ ಬಸವಪ್ರಸಾದ, ಅವನ ಹಿಂದೆಯೇ ಕಾವ್ಯಶ್ರೀ. ಅವನು ವಾರದಲ್ಲಿ ಎದ್ದು ಈರುಳ್ಳಿ ಹೊಲಕ್ಕೆ ಹೋದ. ಅವಳಿಗೆ ಜ್ವರ ಬಿಟ್ಟರೂ ಕೀಲುನೋವು ಬಿಡಲಿಲ್ಲ.

ಶಿವರಂಜಿನಿಗೆ ಮಾತ್ರ ಏನೂ ಆಗಲಿಲ್ಲ. ಅದೇ ಮನೆ, ಅದೇ ನೀರಿನ ತೊಟ್ಟಿ, ಅದೇ ಸೊಳ್ಳೆ. ಬೆಳಿಗ್ಗೆ ಎದ್ದು ಗಂಜಿ ಕಾಯಿಸಿ, ಮೂವರ ಬಟ್ಟೆ ಒಗೆದು, ಒಂಬತ್ತರ ಬಸ್ಸಿಗೆ ಗುಂಡ್ಲುಪೇಟೆಗೆ ಹೋಗಿ ಪಾಠ ಮಾಡಿ ಬರುತ್ತಿದ್ದಳು. ಪಕ್ಕದ ಮನೆಯ ರಾಚಯ್ಯ, ದೊಣ್ಣೆ ಊರಿಕೊಂಡು ಬಾಗಿಲಲ್ಲಿ ನಿಂತವನು, ದಿನಾ ಕೇಳುತ್ತಿದ್ದ. "ಏನ್ ಮೇಡಂ, ನಿಮ್ ರಕ್ತ ಸೊಳ್ಳೆಗೂ ಬ್ಯಾಡ್ವಾ?"

ಅವಳು ನಗುತ್ತಿದ್ದಳು. ನಗದಿದ್ದರೆ ಅವನು ಇನ್ನೊಮ್ಮೆ ಹೇಳುತ್ತಿದ್ದ.

ಮಲ್ಲಾಜಮ್ಮನ ಎಡ ಮಣಿಕಟ್ಟು ಊದಿ, ಲಿಂಗಪೂಜೆಗೆ ಅಂಗೈ ನಿಲ್ಲುತ್ತಿರಲಿಲ್ಲ. ದಿನಾ ಬೆಳಿಗ್ಗೆ ಶಿವರಂಜಿನಿ ಎದುರು ಕುಳಿತು ಅತ್ತೆಯ ಕೈಯನ್ನು ಕೆಳಗಿನಿಂದ ತನ್ನ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಅತ್ತೆ ಆ ಅಂಗೈಯ ಮೇಲೆ ಲಿಂಗವಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಕಣ್ಣು ಮುಚ್ಚುತ್ತಿದ್ದರು. ನೀರು ಅತ್ತೆಯ ಬೆರಳುಗಳ ಸಂದಿಯಿಂದ ಅವಳ ಬೆರಳುಗಳಿಗೆ ಇಳಿಯುತ್ತಿತ್ತು. ಎರಡು ವರ್ಷದಲ್ಲಿ ಅಷ್ಟು ಹೊತ್ತು ಯಾರ ಕೈಯನ್ನೂ ಅವಳು ಹಿಡಿದಿರಲಿಲ್ಲ.

ಎರಡು ವರ್ಷದ ಹಿಂದೆ ಬೇಗೂರಿನ ಹತ್ತಿರ ಲಾರಿಯೊಂದು ಅವಳ ಗಂಡ ಗುರುಪಾದಸ್ವಾಮಿಯ ಬೈಕಿಗೆ ತಗುಲಿತ್ತು. ವರ್ಷ ತುಂಬಿದ ಮೇಲೆ ಅವನ ತಮ್ಮ ಬಸವಪ್ರಸಾದನಿಗೆ ಮದುವೆ ಮಾಡಿದರು. ಕಾವ್ಯಶ್ರೀ ಆ ಮನೆಗೆ ಬಂದಾಗ ದೊಡ್ಡ ಮಗ ಗೋಡೆಯ ಮೇಲಿನ ಫೋಟೋ ಆಗಿದ್ದ. ತವರಿಗೆ ಬಾ ಎಂದು ಅಣ್ಣ ಕರೆದರೂ ಶಿವರಂಜಿನಿ ಹೋಗಲಿಲ್ಲ. ಕೆಲಸ ಇಲ್ಲಿತ್ತು. ಅಳುವೂ ಬರಲಿಲ್ಲ. ಒಮ್ಮೆ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಬೊಬ್ಬೆ ಎದ್ದದ್ದನ್ನು ಸಂಜೆ ಕಾಲೇಜಿನಿಂದ ಬಂದ ಮೇಲೆ ನೋಡಿಕೊಂಡಿದ್ದಳು.

ಬಸವಪ್ರಸಾದ ಹೆಂಡತಿಯ ಕಾಲು ಹಿಡಿದ ಮೊದಲ ದಿನ ಮಲ್ಲಾಜಮ್ಮ ಮಲಗಿದ್ದಲ್ಲಿಂದಲೇ ಗೊಣಗಿದ್ದರು. "ಗಂಡ್ಸು ಎಂಡ್ತಿ ಕಾಲ್ ಹಿಡಿಯೋದಾ? ಯಾರಾರ ಕಂಡ್ರೆ ನಗ್ತಾರೆ ಕಣ್ಲಾ." ಅವನು, "ಕಂಡೋರ್ಗೂ ಮಂಡಿ ಇಡ್ಕಂಡದೆ ಬುಡವ್ವ, ಇಲ್ಲೀಗಂಟ ಬರಾಕಾಯ್ತದಾ?" ಎಂದಿದ್ದ. ಕಾವ್ಯಶ್ರೀ ನೋವಿನಲ್ಲೂ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಅಂದಿನಿಂದ ಒಂಬತ್ತು ಬೆಳಗು ಶಿವರಂಜಿನಿ ಅಡಿಗೆಮನೆಯ ಕಿಟಕಿಯಿಂದ ನೋಡಿದಳು. ಅವನು ಮೊದಲು ಎಣ್ಣೆಯನ್ನು ತನ್ನ ಮೊಣಕೈಗೆ ಒಂದು ತೊಟ್ಟು ಬಿಟ್ಟುಕೊಂಡು ಬಿಸಿ ನೋಡುತ್ತಿದ್ದ. ಆಮೇಲೆ ಒಂದೊಂದೇ ಬೆರಳು. ಕಿರುಬೆರಳಿಗೆ ಬಂದಾಗ ಕಾವ್ಯಶ್ರೀ ಕಣ್ಣು ಮುಚ್ಚುತ್ತಿದ್ದಳು. ಗುರುಪಾದಸ್ವಾಮಿ ತನ್ನ ಕಾಲು ಹಿಡಿದಿದ್ದನೇ ಎಂದು ಶಿವರಂಜಿನಿ ನೆನಪಿಸಿಕೊಳ್ಳಲು ನೋಡಿದಳು. ಇಲ್ಲ. ಹಿಡಿಯುವಂಥದ್ದೇನೂ ತನಗೆ ಆಗಿರಲಿಲ್ಲ. ಮೂರು ವರ್ಷದ ಸಂಸಾರದಲ್ಲಿ ತಾನು ಒಂದು ದಿನವೂ ಮಲಗಿರಲಿಲ್ಲ.

ಹತ್ತನೆಯ ಬೆಳಿಗ್ಗೆ ಅವಳು ಗಂಜಿಯ ಪಾತ್ರೆ ಹಿಡಿದು ಹಿತ್ತಿಲಿಗೆ ಹೋಗಿದ್ದಳು.

ಆ ವಾರವೇ ಚಾಮರಾಜನಗರದಿಂದ ಆರೋಗ್ಯ ಇಲಾಖೆಯ ಜೀಪು ಬಂತು. ಊರಿನ ನರ್ಸಮ್ಮ ಪುಟ್ಟಮಾದಮ್ಮ ಜೀಪಿನವರನ್ನು ಮನೆಮನೆಗೆ ಕರೆದುಕೊಂಡು ಬಂದು ರಕ್ತ ತೆಗೆಸಿದರು. ಶಿವರಂಜಿನಿ, "ನನಗೆ ಬಂದಿಲ್ಲ," ಎಂದಳು.

"ಬಂದೋರ್ದೂ ಬೇಕಂತೆ, ಬರ್ದೆ ಇರೋರ್ದೂ ಬೇಕಂತೆ. ತೋಳು ಕೊಡಿ ಮೇಡಂ. ನೀವೇ ಇಂದೆ ಸರುದ್ರೆ ಈ ಜನ ಕೊಡ್ತರಾ?"

ಸೂಜಿ ಚುಚ್ಚಿದ್ದನ್ನು ಅವಳು ನೋಡುತ್ತಿದ್ದಳು. ರಕ್ತ ಎಲ್ಲರದರಂತೆಯೇ ಕಡುಗೆಂಪಾಗಿತ್ತು.

ತಣ್ಣೀರಿನ ಬಟ್ಟೆ ಕೆಲಸ ಮಾಡಿತು. ಹತ್ತು ದಿನದಲ್ಲಿ ಊತ ಇಳಿಯುತ್ತ ಬಂತು. ಆದರೆ ಹಿತ್ತಿಲ ಜಗಲಿಯ ಬೆಳಗು ಮುಗಿದಿತ್ತು. ಬಸವಪ್ರಸಾದ ಕಾಫಿ ಕುಡಿದು ನೇರ ಬೈಕು ಹತ್ತುತ್ತಿದ್ದ. ಸಂಜೆ ಬಂದರೆ ಹೆಂಡತಿಯ ಹತ್ತಿರ ಎರಡು ನಿಮಿಷ ನಿಂತು, ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದವನಂತೆ ಹಿಂದೆ ಕಟ್ಟಿಕೊಂಡು, "ಎಂಗದೆ?" ಎನ್ನುತ್ತಿದ್ದ. "ಅದೆ," ಎನ್ನುತ್ತಿದ್ದಳು. ಅವನು ಟಿವಿಯ ಮುಂದೆ ಹೋಗಿ ಕೂರುತ್ತಿದ್ದ. ಮಣೆಯನ್ನು ಯಾರೋ ಗೋಡೆಗೆ ಒರಗಿಸಿಟ್ಟಿದ್ದರು. ಮೊದಲ ಎರಡು ದಿನ ಅಡಿಗೆಮನೆಯ ಕಿಟಕಿಯಿಂದ ಖಾಲಿ ಜಗಲಿ ಕಂಡಾಗ ಶಿವರಂಜಿನಿಗೆ ಹಸಿವಾಗಿತ್ತು. ಬಹಳ ದಿನದ ಮೇಲೆ ಎರಡು ಮುದ್ದೆ ಉಂಡಿದ್ದಳು.

ಒಂದು ಭಾನುವಾರ ಕಾವ್ಯಶ್ರೀ ಲೋಟ ಎತ್ತಲು ಹೋಗಿ ಬೀಳಿಸಿದಳು. ಶಿವರಂಜಿನಿ ಬಟ್ಟೆ ತಂದು ನೆಲ ಒರೆಸುವಾಗ ಮೇಲಿನಿಂದ ಅವಳ ಮಾತು ಬಂತು.

"ಅಕ್ಕ, ಆ ಪುಸ್ತಕ್ದಲ್ಲಿ ಎಷ್ಟ್ ದಿನ ಅಂತ ಬರುದವ್ರೆ?"

"ಯಾವುದು?"

"ತಿಕ್‌ಬಾರ್ದು ಅನ್ನೋದು."

"ಊತ ಇಳಿಯೋ ತನಕ."

"ಊತ ಇಳುದು ನಾಕ್ ದಿನ ಆಯ್ತಲ್ಲಕ್ಕ. ನೋಡಿ." ಕಾವ್ಯಶ್ರೀ ಸೀರೆಯ ಅಂಚು ಸರಿಸಿದಳು. ಗಿಣ್ಣಿನ ಮೂಳೆ ಎದ್ದು ಕಾಣುತ್ತಿತ್ತು. "ಈಗ ಬರೀ ನೋವು. ಬೆಳಿಗ್ಗೆ ಎದ್ದೇಳ್ವಾಗ ಮರ ಆಗೋಯ್ತದೆ ಕಾಲು. ಅವ್ರು ಕೇಳುದ್ರು, ಅತ್ಗೆ ಏನಂದ್ರು ಅಂತ. ನೀವು ಹೇಳ್ದೆ ಅವ್ರು ಮುಟ್ಟಾಕಿಲ್ಲ."

ನೆಲದ ಮೇಲಿನ ನೀರು ಒರೆಸಿಯಾಗಿತ್ತು. ಶಿವರಂಜಿನಿ ಇನ್ನೊಮ್ಮೆ ಒರೆಸಿದಳು.

"ಹೊರಗೆ ಇಳಿದಿರುತ್ತೆ. ಒಳಗೆ ಇರುತ್ತೆ," ಎಂದಳು.

ಅದು ಯಾವ ಟಿಪ್ಪಣಿಯಲ್ಲೂ ಇರಲಿಲ್ಲ. ಊತ ಇಳಿದ ಮೇಲೆ ಬೆಚ್ಚಗಿಟ್ಟು ಮೆಲ್ಲಗೆ ನೀವಿದರೆ ಕೀಲು ಸಡಿಲವಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಕಾವ್ಯಶ್ರೀ, "ಓ," ಎಂದು ಸೀರೆ ಸರಿಮಾಡಿಕೊಂಡಳು. ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಬುಧವಾರ ಕಾಲೇಜಿಗೆ ರಜೆ ಹಾಕಿ ಶಿವರಂಜಿನಿ ಚಾಮರಾಜನಗರಕ್ಕೆ ಹೋದಳು. ರಕ್ತದ ರಿಪೋರ್ಟು ಬಂದಿದೆ, ಓದಿದವರು ಯಾರಾದರೂ ಹೋಗಿ ತಂದರೆ ತಿಳಿದುಕೊಂಡು ಬರಬಹುದು ಎಂದು ಪುಟ್ಟಮಾದಮ್ಮ ಹೇಳಿದ್ದರು. ತೆರಕಣಾಂಬಿ ದಾಟಿದ ಮೇಲೆ ಎರಡೂ ಕಡೆ ಅರಿಶಿನದ ಹೊಲಗಳು ಮೊಳಕಾಲುದ್ದ ಹಸಿರಾಗಿದ್ದವು. ಅವಳು ಕಿಟಕಿಯ ಪಕ್ಕ ಕುಳಿತು, ಅವುಗಳ ಮೇಲೆ ಕಣ್ಣು ನೆಟ್ಟಿದ್ದರೂ ಏನನ್ನೂ ನೋಡಲಿಲ್ಲ.

ಕಚೇರಿಯಲ್ಲಿ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರು ಪಟ್ಟಿಯ ಮೇಲೆ ಬೆರಳಿಟ್ಟು ಓದಿದರು. ಮಲ್ಲಾಜಮ್ಮ, ಪಾಸಿಟಿವ್. ಬಸವಪ್ರಸಾದ್, ಪಾಸಿಟಿವ್. ಕಾವ್ಯಶ್ರೀ, ಪಾಸಿಟಿವ್.

"ಶಿವರಂಜಿನಿ ಅಂದ್ರೆ?"

"ನಾನೇ."

"ನಿಮಗೆ ಯಾವಾಗ ಜ್ವರ ಬಂದಿದ್ದು? ಇಲ್ಲಿ ಬರೆದಿಲ್ಲ."

"ನನಗೆ ಬರಲಿಲ್ಲ."

ಡಾಕ್ಟರು ಮತ್ತೊಮ್ಮೆ ಸಾಲು ನೋಡಿದರು. "ಬಂದು ಹೋಗಿದೆ. ನಿಮ್ಮದೂ ಪಾಸಿಟಿವ್. ಕೆಲವರಿಗೆ ಹಾಗಾಗುತ್ತೆ, ನೂರಕ್ಕೆ ಹತ್ತೋ ಹದಿನೈದೋ ಜನಕ್ಕೆ ಗೊತ್ತೇ ಆಗೋದಿಲ್ಲ. ವೈರಸ್ ಒಳಗೆ ಬಂದಿರುತ್ತೆ, ದೇಹ ಗುರುತು ಹಿಡಿದಿರುತ್ತೆ, ಮುಗಿಸಿಯೂ ಬಿಟ್ಟಿರುತ್ತೆ. ಅದೃಷ್ಟ ಮಾಡಿದ್ರಿ ಬಿಡಿ."

"ಜೀವಶಾಸ್ತ್ರ ಪಾಠ ಮಾಡ್ತೀನಿ," ಎಂದಳು ಶಿವರಂಜಿನಿ, ಏಕೆ ಹೇಳಿದಳೋ ತಿಳಿಯದೆ.

"ಹಾಗಾದರೆ ನಿಮಗೆ ನಾನೇನು ಹೇಳೋದು?" ಡಾಕ್ಟರು ನಕ್ಕು ಮುಂದಿನ ಹೆಸರಿಗೆ ಹೋದರು.

ವಾಪಸು ಬರುವ ಬಸ್ಸಿನಲ್ಲಿ ಅವಳು ಆ ದಿನವನ್ನು ಹುಡುಕಿದಳು. ಸಾವಿರಾರು ಕೋಶಗಳಲ್ಲಿ ಕಾವಲು ಎಚ್ಚೆತ್ತು ಕೂಗಿದ ದಿನ ಯಾವುದು? ಅತ್ತೆಯ ಜ್ವರದ ಬಟ್ಟೆ ಒಗೆದ ದಿನವೇ? ಎರಡನೇ ಪಿಯು ತರಗತಿಯಲ್ಲಿ ಬೋರ್ಡಿನ ಮೇಲೆ ಜೀವಕೋಶದ ಚಿತ್ರ ಬರೆಯುತ್ತಿದ್ದಾಗಲೇ? ಕಿಟಕಿಯಲ್ಲಿ ನಿಂತು ಕಾವ್ಯಶ್ರೀಯ ಕಿರುಬೆರಳು ನೋಡುತ್ತಿದ್ದ ಬೆಳಿಗ್ಗೆಯೇ ಇರಬಹುದು. ಮೈ ತನ್ನಷ್ಟಕ್ಕೆ ಎದ್ದು, ಹೋರಾಡಿ, ಒಂದು ಬೆರಳೂ ಊದದ ಹಾಗೆ ಎಲ್ಲ ಮುಗಿಸಿ ಮಲಗಿತ್ತು. ಯಾರೂ ಹಣೆ ಮುಟ್ಟಿ ನೋಡಿರಲಿಲ್ಲ. ತಾನೂ ನೋಡಿಕೊಂಡಿರಲಿಲ್ಲ. ಟಿಕೆಟ್ ಕೇಳಿದ ಕಂಡಕ್ಟರನಿಗೆ ಅವಳು ರಿಪೋರ್ಟಿನ ಹಾಳೆಯನ್ನು ಕೊಟ್ಟಳು. ಅವನು ಹಿಂದಕ್ಕೆ ಕೊಟ್ಟು, "ಇದಲ್ಲ ಕಣಕ್ಕ, ಟಿಕೆಟ್ಟು," ಎಂದ.

ಮನೆಗೆ ಬಂದಾಗ ಮೂರು ಗಂಟೆ. ಮಲ್ಲಾಜಮ್ಮ ನಡುಮನೆಯಲ್ಲಿ ನಿದ್ದೆ ಹೋಗಿದ್ದರು. ಬಸವಪ್ರಸಾದ ಗುಂಡ್ಲುಪೇಟೆಯ ಮಂಡಿಗೆ ಹೋಗಿದ್ದ. ಶಿವರಂಜಿನಿ ಕೈಕಾಲು ತೊಳೆದು, ಮೇಲಿನ ಗೂಡಿನಲ್ಲಿ ತಾನೇ ಎತ್ತಿಟ್ಟಿದ್ದ ಹರಳೆಣ್ಣೆಯ ಬಾಟಲು ಇಳಿಸಿದಳು. ಸೌಟಿಗೆ ಬಗ್ಗಿಸಿ ಬಿಸಿ ಮಾಡಿದಳು. ಮೊಣಕೈಗೆ ಒಂದು ತೊಟ್ಟು ಬಿಟ್ಟುಕೊಂಡಳು.

ಕಾವ್ಯಶ್ರೀ ಹಿತ್ತಿಲ ಜಗಲಿಯ ಕಂಬಕ್ಕೆ ಒರಗಿದ್ದಳು. ಸೌಟು ಕಂಡು ಬೆನ್ನು ನೆಟ್ಟಗೆ ಮಾಡಿದಳು.

"ಇನ್ನು ನೀವಬಹುದು," ಎಂದಳು ಶಿವರಂಜಿನಿ. "ಅವರು ಬಂದರೆ ಹೇಳು."

"ನಗರ್ದಲ್ಲಿ ಡಾಕ್ಟ್ರು ಹೇಳುದ್ರಾ?"

ಹೌದು ಎನ್ನಬಹುದಿತ್ತು. "ಇಲ್ಲ," ಎಂದಳು. "ನನಗೆ ಮೊದಲೇ ಗೊತ್ತಿತ್ತು."

ಕಾವ್ಯಶ್ರೀ ಹಿತ್ತಿಲ ಕಡೆ ನೋಡಿದಳು. ಆಮೇಲೆ ಬಲಗಾಲನ್ನು ಮುಂದೆ ಚಾಚಿದಳು.

"ಎಣ್ಣೆ ಆರೋಯ್ತದೆ. ನೀವೇ ಹಚ್ಚಿ."

ಗೋಡೆಗೆ ಒರಗಿಸಿದ್ದ ಮಣೆಯನ್ನು ತಂದು ಹಾಕಿಕೊಂಡು ಶಿವರಂಜಿನಿ ಕುಳಿತಳು. ಕಾಲನ್ನು ತೊಡೆಯ ಮೇಲಿಟ್ಟುಕೊಂಡಳು. ಅದು ನೋಡಿದ್ದಕ್ಕಿಂತ ಭಾರವಾಗಿತ್ತು, ಬೆಚ್ಚಗಿತ್ತು. ಗಿಣ್ಣಿನ ಸುತ್ತ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ಒತ್ತಿದಳು.

"ನಿಮ್ದೇನ್ ಬಂತಕ್ಕ?"

"ನನಗೂ ಬಂದು ಹೋಗಿದೆಯಂತೆ."

"ಯಾವತ್ತು?"

"ಗೊತ್ತಾಗಲಿಲ್ಲ."

"ವಸೀನೂ ನೋವ್ಲಿಲ್ವಾ?"

ಶಿವರಂಜಿನಿ ಎಣ್ಣೆಗೆ ಬೆರಳು ಅದ್ದಿದಳು. ಕಾವ್ಯಶ್ರೀ ಮೆಲ್ಲಗೆ ಹೇಳಿದಳು. "ಅವ್ರು ಇಷ್ಟ್ ಜೋರಾಗಿ ಒತ್ತಾಕಿಲ್ಲ."

ಶಿವರಂಜಿನಿಯ ಹೆಬ್ಬೆರಳು ನಿಂತಿತು. ಕಿವಿಯ ಹಿಂದೆ ಬಿಸಿಯಾಯಿತು. ಆಮೇಲೆ ಬೆರಳನ್ನು ಸಡಿಲ ಬಿಟ್ಟಳು.

"ಹೀಗಾ?"

"ಇನ್ನೂ ವಸಿ ಮೆತ್ಗೆ."

"ಹೀಗೆ?"

"ಊಂ. ಅಲ್ಲಿಂದ ಕೆಳೀಕೆ ಬತ್ತಾರೆ. ಒಂದೊಂದೇ ಬೆರಳು."

ಒಂದೊಂದೇ ಬೆರಳಿಗೆ ಹಚ್ಚುತ್ತ ಅವಳು ಕೊನೆಗೆ ಕಿರುಬೆರಳಿಗೆ ಬಂದಳು. ತಲೆ ಎತ್ತಿ ನೋಡಲಿಲ್ಲ. ಮುಂಬಾಗಿಲಿನ ಕಡೆ ಬೈಕು ಬಂದು ನಿಂತ ಸದ್ದಾಯಿತು.

ಅವಳು ಕಾಲನ್ನು ಚಾಪೆಯ ಮೇಲಿಟ್ಟು ಎದ್ದಳು. ಉಳಿದ ಎಣ್ಣೆಯ ಸೌಟನ್ನು ಇನ್ನೂ ಹಚ್ಚದ ಎಡಗಾಲಿನ ಪಕ್ಕಕ್ಕೆ ಸರಿಸಿ, ಅಡಿಗೆಮನೆಗೆ ಬಂದು ಕಿಟಕಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ನಿಂತಳು. ಬಚ್ಚಲ ತೊಟ್ಟಿಯಲ್ಲಿ ನೀರಿತ್ತು, ಸೋಪೂ ಇತ್ತು; ಕೈ ತೊಳೆಯಲು ಹೋಗಲಿಲ್ಲ. ಎಣ್ಣೆಯ ಅಂಗೈಗಳನ್ನು ಸೀರೆಗೆ ತಾಗದಂತೆ ಮುಂದೆ ಹಿಡಿದುಕೊಂಡಿದ್ದಳು. ಹಿತ್ತಿಲ ಜಗಲಿಯಲ್ಲಿ ಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡ ಸದ್ದು ಕೇಳಿಸಿತು.