ಕಳ್ಳರಿಗೆ ಬೇಡವಾದ ಸೈಕಲ್

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಶುರುವಾಗುವ ಹೊತ್ತಿಗೆ ಊರಿನ ಮೊದಲ ಬಸ್ಸೂ ಹೊರಟಿರುವುದಿಲ್ಲ. ಹಾಗಾಗಿ ಅವಳಿಗೆ ಸೈಕಲ್ ಇದ್ದರೆ ಕೆಲಸ, ಕೆಲಸವಿದ್ದರೆ ಊಟ. ಆಸ್ಪತ್ರೆ ಗೇಟಿನ ಪಕ್ಕದ ಕಂಬಿಯಿಂದ ಆಗಲೇ ಅವಳ ಎರಡು ಸೈಕಲ್ ಮಂಗಮಾಯವಾಗಿದ್ದವು. ಎರಡನೆಯ ಸಲ ಕಳ್ಳ ಮಹಾಶಯ ಒಡೆದ ಬೀಗವನ್ನು ಕಂಬಿಗೇ ನೀಟಾಗಿ ನೇತುಹಾಕಿ ಹೋಗಿದ್ದ. "ಇನ್ನೊಂದ್ಸಲ ಲೇಟಾದ್ರೆ ಬೇರೆಯವ್ರನ್ನ ನೋಡ್ಕೋತೀನಿ" ಎಂದು ಮೇಲ್ವಿಚಾರಕಿ ಖಡಾಖಂಡಿತವಾಗಿ ಹೇಳಿದ್ದಳು.

ಹೇಗೋ ಮೂರನೆಯದೊಂದನ್ನು ತಂದಾಗ ಗಂಡ ಎದ್ದು ಕೂತ. ಅವನು ಪೇಂಟರ್. ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದ. ಗೋಡೆ ನೋಡಿ ನಿಟ್ಟುಸಿರು ಬಿಡುವುದೊಂದೇ ಅವನ ಉದ್ಯೋಗವಾಗಿತ್ತು.

"ಚೆನ್ನಾಗಿ ಕಂಡ್ರೆ ತಾನೇ ಕದಿಯೋದು? ಕಳ್ಳ ಇದನ್ನ ಮೂಸಿಯೂ ನೋಡಬಾರ್ದು, ಹಾಗೆ ಮಾಡ್ಕೊಡ್ತೀನಿ" ಎಂದ.

ಇಟ್ಟಿಗೆ ಬಣ್ಣಕ್ಕೆ ಕಪ್ಪು ಬೆರೆಸಿ, ಮರದ ಪುಡಿ ಕಲಸಿ ಮೆತ್ತಿದ. ತುಕ್ಕು ಹಕ್ಕಳೆ ಎದ್ದಂತೆಯೇ ಕಂಡಿತು. ಸೀಟಿಗೆ ಹರಿದ ದಿಂಬಿನ ಚೀಲ ಸುತ್ತಿದ. ಚೈನಿಗೆ ಮಾತ್ರ ಮುತುವರ್ಜಿಯಿಂದ ಎಣ್ಣೆ ಬಿಟ್ಟ.

"ಇದನ್ನ ಯಾವ ಚರಂಡಿಯಿಂದ ಎತ್ತಿದ್ರಿ?" ಎಂದು ಅವಳು ರೇಗಿಸಿದಳು. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ಕಳೆ ಬಂದಿತ್ತು. ಅದನ್ನು ನೋಡಿ ಅವಳಿಗೆ ಸೈಕಲ್ಲಿಗಿಂತ ಹೆಚ್ಚಿನದೇನೋ ಸಿಕ್ಕಂತಾಯಿತು.

ಅಂದಿನಿಂದ ಅವಳು ಕೆಲಸ ಮುಗಿಸಿ ಬಂದು ಹೊಸಿಲು ದಾಟುವ ಮೊದಲೇ ಒಳಗಿನಿಂದ ಅವನ ದನಿ ಬರುತ್ತಿತ್ತು. "ಇದೆಯೇನೇ?"

"ಕಳ್ಳರು ಮುಖ ಸಿಂಡರಿಸ್ಕೊಂಡು ಹೋಗ್ತಾರೆ ರೀ!"

ಚಳಿಗಾಲ ಪೂರ್ತಿ ಸೈಕಲ್ ಉಳಿಯಿತು. ಆಮೇಲೊಂದು ಮಧ್ಯಾಹ್ನ ಪಾಳಿ ಮುಗಿಸಿ ಬಂದರೆ ಕಂಬಿ ಖಾಲಿ. ಕತ್ತರಿಸಿದ ಸರಪಳಿ ನೆಲದ ಮೇಲೆ ಬಿದ್ದಿತ್ತು.

ಗೇಟಿಗೆ ಹೊಸದಾಗಿ ಬಂದ ಕಾವಲುಗಾರ ತಲೆ ಕೆರೆದುಕೊಂಡ. "ನಗರಸಭೆಯವ್ರು ಲಾರಿ ತಂದಿದ್ರಮ್ಮ. ಯಾರೋ ಬಿಟ್ಟುಹೋಗಿರೋ ಗುಜರಿ ಸೈಕಲ್ಲೆಲ್ಲ ಹೇರ್ಕೊಂಡು ಹೋದ್ರು. ಅದು ನಿಮ್ದಾ? ನಂಗೇನು ಗೊತ್ತು, ನಾನೇ ಕೈ ತೋರಿಸ್ದೆ."

ಎದ್ದುಬಿದ್ದು ಓಡಿದಳು. ಗುಜರಿ ಅಂಗಳದ ಯಂತ್ರ ಆಗಲೇ ತನ್ನ ಕೆಲಸ ಮುಗಿಸಿತ್ತು. ಒತ್ತಿ ಮುದ್ದೆ ಮಾಡಿದ ಕಬ್ಬಿಣದ ನಡುವಿಂದ ದಿಂಬಿನ ಚೀಲದ ತುದಿ ಇಣುಕುತ್ತಿತ್ತು. ಅವಳಿಗೆ ತಡೆಯಲಾಗಲಿಲ್ಲ, ಗೊಳೋ ಎಂದು ಅತ್ತಳು.

"ತುಕ್ಕು ಹಿಡಿದ ಸೈಕಲ್ಲಿಗೆ ಇಷ್ಟೊಂದು ಅಳ್ತಾರೇನಮ್ಮಾ?" ಎಂದ ಅಲ್ಲಿನ ಕೆಲಸದವನು.

ಮನೆಯ ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ನಾಳೆ ಕೆಲಸ ಹೋಗುವುದಂತೂ ಖಂಡಿತ. ನಿಮ್ಮ ಬಣ್ಣವೇ ಅದನ್ನು ತಿಂದುಹಾಕಿತು ಎಂದು ಆ ಮನುಷ್ಯನಿಗೆ ಯಾವ ಬಾಯಲ್ಲಿ ಹೇಳುವುದು?

"ಇದೆಯೇನೇ?"

"ಇಲ್ಲ ರೀ. ಕಳ್ಳ ಹೊಡ್ಕೊಂಡು ಹೋದ."

ಅವನು ತನ್ನ ಅಂಗೈಗಳನ್ನೇ ನೋಡಿಕೊಂಡ.

"ಅಂದ್ರೆ ಬರೀ ಬಣ್ಣ ಅಂತ ಅವನಿಗೆ ಗೊತ್ತಾಗೋಯ್ತು. ನನ್ನ ಕೈಯೂ ಹೋಯ್ತು ಕಣೇ. ಇನ್ನು ಸೊಂಟ ನೆಟ್ಟಗಾದ್ರೂ ಏನು ಬಂತು?"

"ಹಾಗಲ್ಲ ರೀ..." ಎಂದು ಅವಳು ಬಾಯಿ ತೆರೆದಳು. ಮತ್ತೆ ಹೇಗೆ ಎಂದು ಹೇಳಬೇಕಾದರೆ ನಿಜವನ್ನೇ ಹೇಳಬೇಕಿತ್ತು.

ಅವನು ಗೋಡೆಯ ಕಡೆಗೆ ಹೊರಳಿಕೊಂಡ.