ಮೊದಲು ಶಬ್ದ ಕೇಳೋಣ

ನನ್ನ ಅತ್ತಿಗೆ ಯಾವ ಕಟ್ಟಡಕ್ಕೆ ಕಾಲಿಟ್ಟರೂ ಮೊದಲು ಮನುಷ್ಯರ ಮುಖ ನೋಡುವವಳಲ್ಲ. ಬಾಗಿಲ ಬಳಿಯೇ ಒಂದು ಗಳಿಗೆ ನಿಂತು, ಕತ್ತನ್ನು ಎಡಕ್ಕೆ ವಾಲಿಸಿ, ಬಲಗಿವಿಯನ್ನು ಮೇಲಕ್ಕೊಡ್ಡಿ, ಅಲ್ಲಿನ ಲಿಫ್ಟು ಏರಿಳಿಯುವ ನಾದವನ್ನು ಆಲಿಸಿ, ತನ್ನೊಳಗೇ ಒಂದು ತೀರ್ಪು ಕೊಟ್ಟುಕೊಂಡ ಮೇಲೆಯೇ ಆಕೆ ಎದುರಿಗಿದ್ದವರನ್ನು 'ಚೆನ್ನಾಗಿದ್ದೀರಾ?' ಎಂದು ಕೇಳುವುದು. ಕಾಯಿಲೆ ಬಿದ್ದ ನಮ್ಮ ಸೋದರಮಾವನನ್ನು ನೋಡಲು ಆಸ್ಪತ್ರೆಗೆ ಹೋದಾಗಲೂ ಹೀಗೇ ಆಯಿತು. ಮಾವ ಹಾಸಿಗೆಯಿಂದ ಕೈ ಚಾಚಿದರೆ, ಈಕೆ ಗಂಭೀರವಾಗಿ, "ಇಲ್ಲಿ ಬೇರಿಂಗು ಒಣಗಿದೆ ಮಾವ, ಹೆಚ್ಚು ದಿನ ಬರಲ್ಲ" ಅಂದುಬಿಟ್ಟಳು. ಪಾಪ, ಮಾವ ಹೌಹಾರಿ ನರ್ಸನ್ನು ಕೂಗಿದರು.

ಅತ್ತಿಗೆ ಲಿಫ್ಟು ರಿಪೇರಿ ಮಾಡುವವಳು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು, ಸಂಬಂಧದಲ್ಲಿ ದೊಡ್ಡವಳು. ಹಾಗಾಗಿ ಅತ್ತಿಗೆ ಎಂದು ಕರೆಯುತ್ತೇನೆ, ಏಕವಚನದಲ್ಲೇ ಜಗಳವಾಡುತ್ತೇನೆ. ಆಕೆಯ ಮೈಮೇಲಿನ ನೀಲಿ ಕೋಟಿಗೆ ಹನ್ನೊಂದು ಜೇಬು. ಅವುಗಳಲ್ಲಿ ಸ್ಕ್ರೂ, ವಾಷರು, ಟಾರ್ಚುಗಳ ಜೊತೆಗೆ ಅರ್ಧ ಕಚ್ಚಿದ ಬಿಸ್ಕತ್ತು, ಒಂಟಿ ಕಾಲುಚೀಲ, ಮಗಳ ಉದುರಿದ ಹಾಲುಹಲ್ಲು ಎಲ್ಲವೂ ಅವಿಭಕ್ತ ಕುಟುಂಬದ ಸದಸ್ಯರಂತೆ ಒಟ್ಟಿಗೆ ವಾಸಿಸುತ್ತವೆ. ಎರಡನೆಯ ಹೆರಿಗೆಯ ನಂತರ ಆ ಕೋಟಿನ ಗುಂಡಿಗಳು ಕೂಡದೆ ಹೋದವು. ಅವುಗಳ ಜಾಗದಲ್ಲಿ ಒಂದು ದೊಡ್ಡ ಪಿನ್ನು ಬಂತು. ಮನೆಯಲ್ಲಿ ಮಗು ಅತ್ತರೂ, ಗಂಡ ಗೊಣಗಿದರೂ, ಕುಕ್ಕರು ಸಿಡುಕಿದರೂ ಆಕೆಯ ಬಾಯಿಂದ ಬರುವ ಮಾತು ಒಂದೇ: "ತಡೀರಿ, ಮೊದಲು ಶಬ್ದ ಕೇಳೋಣ."

ಲೋಕದ ಸದ್ದನ್ನೆಲ್ಲ ಇಷ್ಟು ಸೂಕ್ಷ್ಮವಾಗಿ ಕೇಳಬಲ್ಲ ಈ ಹೆಂಗಸು ಸ್ವಂತ ದೇಹದ ವಿಷಯಕ್ಕೆ ಬಂದಾಗ ಮಾತ್ರ ಶುದ್ಧ ಕಿವುಡಿಯಾಗಿದ್ದಳು. ಅವರ ಮನೆ ನಾಲ್ಕನೆಯ ಅಂತಸ್ತಿನಲ್ಲಿ, ನನ್ನದು ಸರಿಯಾಗಿ ಅದರ ಕೆಳಗೆ. ಅಣ್ಣ ಬಸ್ಸು ಓಡಿಸುವವನು. ಮುಂಜಾನೆಯ ಪಾಳಿ ಮುಗಿಸಿ ಮಧ್ಯಾಹ್ನ ಬರುತ್ತಾನೆ. ಎಂಟು ವರ್ಷದ ಮಗಳನ್ನೂ ಮೂರು ವರ್ಷದ ಪುಟ್ಟನನ್ನೂ ಹೊರಡಿಸುವ ಆ ಬೆಳಗಿನ ಹೊತ್ತಿನಲ್ಲಿ ನನ್ನ ತಲೆಯ ಮೇಲೆ ಅತ್ತಿಗೆಯ ಹೆಜ್ಜೆಗಳು ದಡದಡ ಓಡುತ್ತಿದ್ದವು; ಕುರ್ಚಿ ಎಳೆದ ಸದ್ದು ಮಾತ್ರ ಒಂದು ದಿನವೂ ಕೇಳಿದ್ದಿಲ್ಲ. ಕೂತರೆ ತಾನೇ ಕುರ್ಚಿ ಬೇಕಾಗುವುದು? ಮಗಳು ಬಿಟ್ಟ ಬ್ರೆಡ್ಡಿನ ಅಂಚು, ಪುಟ್ಟ ಉಗಿದ ಮೊಟ್ಟೆಯ ಅರ್ಧ, ಮೂರು ಸಲ ಬಿಸಿ ಮಾಡಿ ಮೂರು ಸಲವೂ ಆರಿಹೋದ ಚಹಾ, ಇವಿಷ್ಟನ್ನು ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತೇ ಗಂಟಲಿಗೆ ಇಳಿಸಿ ಓಡುತ್ತಿದ್ದಳು. ಕೆಲಸದ ಜಾಗಗಳಲ್ಲಿ ಶೌಚಾಲಯದ ಬೀಗದ ಕೈ ಯಾರ ಬಳಿಯೋ ಇರುತ್ತದೆಂದು ದಿನವಿಡೀ ನೀರು ಮುಟ್ಟುತ್ತಿರಲಿಲ್ಲ. ಕೇಳಿದರೆ, "ನನಗೇನಾಗಿದೆ? ಕಲ್ಲುಗುಂಡಿನ ಹಾಗಿದ್ದೀನಿ" ಅನ್ನುತ್ತಿದ್ದಳು.

ಕಲ್ಲುಗುಂಡಿನ ಬಂಡವಾಳ ಬಯಲಾದದ್ದು ನನ್ನ ಕಣ್ಣೆದುರಿಗೇ. ನಾನು ಕೆಲಸ ಮಾಡುವ ಗ್ರಂಥಾಲಯ ಎಂಟು ಅಂತಸ್ತಿನದು. ಒಂದು ಸೋಮವಾರ ಅಲ್ಲಿನ ಲಿಫ್ಟು ಏರುತ್ತ ಏರುತ್ತ ಬಿಕ್ಕಳಿಸತೊಡಗಿತು. ಕರೆ ಹೋಯಿತು; ಪಿನ್ನು ಚುಚ್ಚಿದ ನೀಲಿ ಕೋಟಿನಲ್ಲಿ ಅತ್ತಿಗೆಯೇ ಬಂದಳು. ಲಿಫ್ಟಿನ ಯಂತ್ರ ಇರುವುದು ಕಟ್ಟಡದ ನೆತ್ತಿಯ ಮೇಲಿನ ಕೋಣೆಯಲ್ಲಿ. ಕೆಟ್ಟ ಲಿಫ್ಟಿಗೆ ಬಂದವರು ಮೆಟ್ಟಿಲು ಹತ್ತಿಯೇ ಅಲ್ಲಿಗೆ ಹೋಗಬೇಕೆಂಬುದು ಆ ಕಸುಬಿನ ಮೊದಲ ಪಾಠ. ಅತ್ತಿಗೆ ಮೆಟ್ಟಿಲನ್ನೊಮ್ಮೆ ನೋಡಿದಳು, ಒಂಬತ್ತು ಕೆ.ಜಿ.ಯ ಉಪಕರಣದ ಚೀಲವನ್ನೊಮ್ಮೆ ನೋಡಿದಳು, ಆಮೇಲೆ ನನ್ನತ್ತ ತಿರುಗಿಯೂ ನೋಡದೆ, ತಾನು ರಿಪೇರಿ ಮಾಡಬೇಕಾಗಿದ್ದ ಆ ಲಿಫ್ಟನ್ನೇ ಹತ್ತಿ ಗುಂಡಿ ಒತ್ತಿದಳು. ಅದೋ, ಐದಕ್ಕೂ ಆರಕ್ಕೂ ನಡುವೆ ಗಪ್ಪನೆ ನಿಂತಿತು. ಲಿಫ್ಟು ಬಿಡಿಸಲು ಬಂದವಳು ಲಿಫ್ಟಿನೊಳಗೇ ಬಂದಿ!

ಐವತ್ತೆಂಟು ವರ್ಷದ ಮೇಲ್ವಿಚಾರಕರು ಇನ್ನೊಂದು ಕಟ್ಟಡದಿಂದ ಓಡಿ ಬಂದು, ಎಂಟೂ ಅಂತಸ್ತು ಹತ್ತಿ, ಕೈಚಕ್ರ ತಿರುಗಿಸಿ ತಿರುಗಿಸಿ ಆಕೆಯನ್ನು ಐದನೆಯ ಅಂತಸ್ತಿಗೆ ಇಳಿಸಿದರು. ಓದುಗರೆಲ್ಲ ಪುಸ್ತಕ ಮಡಿಚಿಟ್ಟು ಸುತ್ತ ನೆರೆದಿದ್ದರು. "ಒಳಗೆ ಯಾಕಮ್ಮ ಹೋದೆ?" ಎಂದು ಅವರು ಕೇಳಿದಾಗ, ಶಬ್ದ ಪರೀಕ್ಷೆಗೆ ಹೋಗಿದ್ದೆ ಎಂದು ಹೇಳಿ ಆಕೆ ಮಾನ ಉಳಿಸಿಕೊಳ್ಳಬಹುದಿತ್ತು, ಯಾರೂ ಅನುಮಾನಿಸುತ್ತಿರಲಿಲ್ಲ. ಆದರೆ ಅತ್ತಿಗೆಗೆ ಸುಳ್ಳು ಒಗ್ಗದು.

"ಮೆಟ್ಟಿಲು ಹತ್ತೋಕೆ ಆಗ್ಲಿಲ್ಲ ಸರ್."

ಮೇಲ್ವಿಚಾರಕರು ಒಳ್ಳೆಯವರು, ಹಾಗೆಂದು ಮೆದುವಲ್ಲ. ಮೂರು ತಿಂಗಳ ಗಡುವು ಕೊಟ್ಟರು. ಹನ್ನೆರಡು ಅಂತಸ್ತಿನ ಕಟ್ಟಡವೊಂದನ್ನು ಚೀಲ ಹೊತ್ತು ಹತ್ತಬೇಕು. ಮೇಲೆ ಕಾಲಿಟ್ಟ ಒಂದೇ ನಿಮಿಷದಲ್ಲಿ, ಏನನ್ನೂ ಮುಟ್ಟದೆ, ಯಂತ್ರದ ದೋಷ ಯಾವುದೆಂದು ಬರೀ ಸದ್ದು ಕೇಳಿಯೇ ಹೇಳಬೇಕು. ಆಗದಿದ್ದರೆ ಕಚೇರಿಯಲ್ಲಿ ಕೂತು ದೂರು ಬರೆದುಕೊಳ್ಳುವ ಫೋನಿನ ಮೇಜು. ಬೇರೆಯವರಿಗೆ ಅದು ಬಡ್ತಿಯೇ ಇರಬಹುದು. ಅತ್ತಿಗೆಗೆ ಅದು ಕಿವಿ ಕಿತ್ತಿಟ್ಟುಕೊಂಡ ಹಾಗೆ. ಆ ಸಂಜೆ ನಮ್ಮ ಮನೆಯ ಹೊಸ್ತಿಲಲ್ಲಿ ಕೂತು ಆಕೆ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದೆ:

"ಮಾನ ಹೋಗಿದ್ದಕ್ಕೆ ಬೇಜಾರಿಲ್ಲ ಕಣೋ. ಎರಡು ವರ್ಷದಿಂದ ಹೀಗೇ. ಮೇಲೆ ಹೋಗಿ ನಿಂತ್ರೆ ನನ್ನ ಏದುಸಿರು, ನನ್ನ ಎದೆ ಹೊಡ್ಕೊಳ್ಳೋದು, ಅಷ್ಟೇ ಕೇಳ್ಸೋದು. ಯಂತ್ರ ಏನೋ ಹೇಳ್ತಿರುತ್ತೆ, ನನಗೆ ಕೇಳಲ್ಲ."

ಮರುದಿನವೇ ಮಹಾಯಜ್ಞ ಆರಂಭವಾಯಿತು. ಐದು ಗಂಟೆಗೆ ಎದ್ದು ಓಟ, ಅದಕ್ಕೆ ಹೊಳೆಯುವ ಬೂಟು, ಓಡದಿದ್ದರೆ ಬಯ್ಯುವ ಫೋನು, ಕೆಸರಿನ ಬಣ್ಣದ ಪುಡಿಯನ್ನು ಕದಡಿದ ಪಾನೀಯ. ಆ ಪಾನೀಯವನ್ನು ನನಗೂ ಒಂದು ಲೋಟ ಕುಡಿಸಿದಳು. ಅದರ ರುಚಿ ಇಲ್ಲಿ ಬೇಡ. ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ ಪುಟ್ಟನಿಗೆ ಜ್ವರ ಬಂತು, ಯಜ್ಞ ಬೂದಿಯಾಯಿತು, ಬೂಟು ಮಂಚದ ಕೆಳಗೆ ಸೇರಿತು. "ಏನತ್ತಿಗೆ, ಫೋನು ಬಯ್ಯೋದು ನಿಲ್ಲಿಸ್ತಾ?" ಎಂದು ಕೆಣಕಿದೆ. ಅತ್ತಿಗೆ ಸಿಟ್ಟಾಗಲಿಲ್ಲ. ಕತ್ತನ್ನು ಎಡಕ್ಕೆ ವಾಲಿಸಿ, ತನ್ನದೇ ಎದೆಯೊಳಗೆ ಏನನ್ನೋ ಆಲಿಸುವವಳಂತೆ ಕೂತಿದ್ದವಳು ತಟ್ಟನೆ ಎದ್ದಳು.

"ನಾನೆಂಥ ದಡ್ಡಿ! ಹಳೇ ಲಿಫ್ಟಿಗೆ ಯಾರಾದ್ರೂ ಒಂದೇ ದಿನ ಎಲ್ಲಾ ಬಿಚ್ಚಿ ಹೊಸದು ಕೂರಿಸ್ತಾರಾ? ಹೋದಾಗೆಲ್ಲ ಹದಿನೈದು ನಿಮಿಷ. ಒರೆಸು, ಎಣ್ಣೆ ಬಿಡು, ಕಾರ್ಡಿಗೆ ಸಹಿ ಹಾಕು, ಮನೆಗೆ ಹೋಗು. ಅಷ್ಟೇ!"

ಪ್ರತಿ ಲಿಫ್ಟಿನ ಯಂತ್ರದ ಕೋಣೆಯಲ್ಲೂ ಗೋಡೆಗೆ ಒಂದು ಹಳದಿ ಕಾರ್ಡು ನೇತುಬಿದ್ದಿರುತ್ತದೆ. ಮಾಡಿದ ಚಿಕ್ಕಪುಟ್ಟ ಕೆಲಸಗಳನ್ನೆಲ್ಲ ಅದರ ಚೌಕಗಳಲ್ಲಿ ದಿನಾಂಕ ಹಾಕಿ ಬರೆಯಬೇಕು. ಅದಕ್ಕೆ ಎರಡು ಕಟ್ಟುನಿಟ್ಟಾದ ನಿಯಮ: ನಿನ್ನೆಯ ಚೌಕವನ್ನು ಇಂದು ತುಂಬುವಂತಿಲ್ಲ, ಕೆಲಸ ಮಾಡಿದವರೇ ಪರಿಶೀಲನೆಯ ಸಹಿ ಹಾಕುವಂತಿಲ್ಲ. ಚೌಕ ಖಾಲಿ ಉಳಿದರೆ ಯಾರೂ ಗಲ್ಲಿಗೇರಿಸುವುದಿಲ್ಲ, ಮುಂದಿನ ಚೌಕಕ್ಕೆ ಹೋದರಾಯಿತು. ಸುಳ್ಳು ಸಹಿ ಹಾಕಿದರೆ ಮಾತ್ರ ಕೆಲಸ ಹೋಯಿತು. ಅಂಥದೊಂದು ಕಾರ್ಡು ಅತ್ತಿಗೆಯ ಅಡುಗೆಮನೆಯ ಕಪಾಟಿನ ಬಾಗಿಲ ಹಿಂದೆ ಬಂದು ಕೂತಿತು. ಅದರಲ್ಲಿದ್ದುದೇನು ದೊಡ್ಡ ತಪಸ್ಸಲ್ಲ. ಬೆಳಿಗ್ಗೆ ಕೂತು ತಿನ್ನುವುದು, ನೀರು ಕುಡಿಯುವುದು, ಒಂದಿಷ್ಟು ಮೆಟ್ಟಿಲು, ಹತ್ತು ಗಂಟೆಗೆ ದೀಪ ಆರಿಸುವುದು. ಬರೆದು ಮುಗಿಸಿ ಆಕೆಯೇ ನಕ್ಕಳು. "ಮದುವೆಗೆ ಮುಂಚೆ ಇದನ್ನೆಲ್ಲ ಹೆಸರಿಲ್ಲದೇ ಮಾಡ್ತಿದ್ದೆ ಕಣೋ!"

ಪರಿಶೀಲನೆಯ ಸಹಿಗೆ ನೇಮಕವಾದವಳು ಮಗಳು. ಅಂದಿನಿಂದ ಅವಳ ಹೆಸರೇ ಇನ್ಸ್‌ಪೆಕ್ಟರ್ ಆಯಿತು. ಅಂಥ ನಿರ್ದಾಕ್ಷಿಣ್ಯದ ಅಧಿಕಾರಿಯನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ. ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಬರುತ್ತಿದ್ದಳು. "ಕೂತ್ಕೊಂಡೆ ಅಂದ್ಯಲ್ಲ, ಮಧ್ಯ ಎರಡು ಸಲ ಎದ್ದೆ. ಅರ್ಧ ಸಹಿ ಹಾಕ್ತೀನಿ" ಎಂದು ಹೆಸರಿನ ಮೊದಲರ್ಧ ಮಾತ್ರ ಬರೆದು ಹೋದ ದಿನವೂ ಉಂಟು. ನೀರಿನ ಚೌಕಕ್ಕಾಗಿ ಅತ್ತಿಗೆ ಹೊಸ ಪದ್ಧತಿ ಹಿಡಿದಳು. ಯಾವ ಕಟ್ಟಡಕ್ಕೆ ಹೋದರೂ ಮೊದಲು ಲಿಫ್ಟಿನ ಸದ್ದು, ಎರಡನೆಯದಾಗಿ ಕಾವಲುಗಾರನ ಮುಂದೆ ಕೈ ಚಾಚಿ, "ಶೌಚಾಲಯದ ಕೀ ಕೊಡಿ, ಸಂಕೋಚ ಪಟ್ಕೊಳ್ಳೋ ವಯಸ್ಸು ದಾಟಿದೆ."

ಮೆಟ್ಟಿಲಿನದೇ ದೊಡ್ಡ ಕಥೆ. ಮೊದಲ ವಾರ ಎರಡನೆಯ ಅಂತಸ್ತಿನವರೆಗೆ ನಡೆದು, ಅಲ್ಲಿಂದ ಮಾನ ಮರ್ಯಾದೆ ಬಿಟ್ಟು ಲಿಫ್ಟು. ಮುಂದಿನ ವಾರ ನನ್ನ ಮನೆಯ ಬಾಗಿಲವರೆಗೆ. ಅಲ್ಲಿ ಗೋಡೆಗೆ ಒರಗಿ ಏದುಸಿರು ಬಿಡುತ್ತ, "ಒಳಗೆ ಬರಲ್ಲ, ಚಹಾ ಬೇಡ, ಮಾತಾಡಿಸ್ಬೇಡ" ಎಂದು ಕೈಸನ್ನೆ ಮಾಡುತ್ತಿದ್ದಳು. ಆಮೇಲೊಂದು ದಿನ ನಾನು ಬಾಗಿಲು ತೆರೆದು ಕಾದರೆ ಆಕೆ ನಿಲ್ಲದೆ ಮೇಲೆ ಹೊರಟೇ ಹೋದಳು! ಕಂಕುಳಲ್ಲಿ ಪುಟ್ಟ, ಕೈಯಲ್ಲಿ ತರಕಾರಿ ಚೀಲ, ಬಾಯಲ್ಲಿ ಯಾವುದೋ ರಾಗ. ನನಗಾದ ಸಂತೋಷಕ್ಕೆ ನಾನು ಬಾಗಿಲಲ್ಲೇ ಚಪ್ಪಾಳೆ ಹೊಡೆದೆ. ಜ್ವರ ಬಂದ ದಿನಗಳಿದ್ದವು, ಶಾಲೆಯಿಂದ ಕರೆ ಬಂದ ದಿನಗಳಿದ್ದವು, ಕಾರ್ಡಿನಲ್ಲಿ ಇಲಿ ಕಚ್ಚಿದಂತೆ ಅಲ್ಲಲ್ಲಿ ಖಾಲಿ ಚೌಕಗಳೂ ಇದ್ದವು. ಆಕೆ ಅವುಗಳತ್ತ ತಿರುಗಿ ನೋಡಲಿಲ್ಲ. ಮೈ ಅಂಥಾದ್ದೇನೂ ಇಳಿಯಲಿಲ್ಲ. ಒಂದು ಭಾನುವಾರ ಕೂತು ಕೋಟಿನ ಗುಂಡಿಗಳನ್ನೇ ಎರಡಂಗುಲ ಸರಿಸಿ ಹೊಲಿದು, ಪಿನ್ನನ್ನು ಕಿಟಕಿಯಿಂದಾಚೆ ಎಸೆದಳು.

ಪರೀಕ್ಷೆಯ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಹನ್ನೆರಡು ಅಂತಸ್ತಿನ ಆ ಕಟ್ಟಡದ ಮೇಲೆ ಮೇಲ್ವಿಚಾರಕರು ಆಗಲೇ ಲಿಫ್ಟಿನಲ್ಲಿ ಹೋಗಿ ಕೂತಿದ್ದರು. ಅತ್ತಿಗೆ ಚೀಲವನ್ನು ಹೆಗಲಿಗೇರಿಸಿ ಹೊರಟಳು. ಓಟವಿಲ್ಲ, ಅವಸರವಿಲ್ಲ, ತನ್ನ ಮನೆಯ ಮೆಟ್ಟಿಲಿನ ಅದೇ ನಡಿಗೆ. ನಾನು ಬರಿಗೈಯಲ್ಲಿ ಹುಮ್ಮಸ್ಸಿನಿಂದ ಹಿಂಬಾಲಿಸಿದೆ. ಐದನೆಯ ಅಂತಸ್ತಿನಲ್ಲಿ ಹುಮ್ಮಸ್ಸು ಇಳಿಯಿತು, ಎಂಟರಲ್ಲಿ ಮೊಣಕಾಲು ಮುಷ್ಕರ ಹೂಡಿತು. ಆಕೆ ಒಂಬತ್ತರಲ್ಲಿ ನಿಂತು ಎರಡು ಗುಟುಕು ನೀರು ಕುಡಿದು, ನನಗೂ ಕೊಟ್ಟು, ಮತ್ತೆ ನಡೆದಳು. ಹನ್ನೆರಡು ದಾಟಿ ಕಬ್ಬಿಣದ ಕೊನೆಯ ಏಣಿ ಹತ್ತಿ ಯಂತ್ರದ ಕೋಣೆ ಹೊಕ್ಕಾಗ ಮೇಲ್ವಿಚಾರಕರು ಗಡಿಯಾರ ನೋಡಿ, "ಹ್ಞೂಂ, ಒಂದು ನಿಮಿಷ" ಅಂದರು.

ಮೋಟಾರು ತಿರುಗತೊಡಗಿತು. ಅತ್ತಿಗೆ ಕಣ್ಣು ಮುಚ್ಚಿ ಕತ್ತನ್ನು ಎಡಕ್ಕೆ ವಾಲಿಸಿದಳು. ನನ್ನ ಎದೆ ಡವಗುಟ್ಟುತ್ತಿತ್ತು, ಅರ್ಧ ಮೆಟ್ಟಿಲಿಗೆ, ಅರ್ಧ ಭಯಕ್ಕೆ. ಹತ್ತು ಸೆಕೆಂಡು ಹೋಯಿತು. ಇಪ್ಪತ್ತು ಹೋಯಿತು. ಆಕೆಯ ಹುಬ್ಬು ಗಂಟಿಕ್ಕಿತು. ಅಯ್ಯೋ, ಕೇಳಿಸುತ್ತಿಲ್ಲವೇ? ಆಗ ಕಣ್ಣು ತೆರೆಯದೆಯೇ ಆಕೆ ಹೇಳಿದಳು:

"ಯಾರದದು ಏದುಸಿರು? ಮಹಾಶಯ, ಸ್ವಲ್ಪ ಆಚೆ ನಿಂತ್ಕೋ. ಯಂತ್ರದ ಸದ್ದು ಕೇಳಿಸ್ತಿಲ್ಲ."

ಆ ಕೋಣೆಯಲ್ಲಿ ಏದುಸಿರು ಬಿಡುತ್ತಿದ್ದವನು ನಾನೊಬ್ಬನೇ! ಬಾಯಿಗೆ ಕರವಸ್ತ್ರ ತುರುಕಿಕೊಂಡು ಹೊರಗೆ ಬಂದೆ. ನಗುವುದೋ ಅಳುವುದೋ ತಿಳಿಯಲಿಲ್ಲ. ಒಳಗಿನಿಂದ ಅತ್ತಿಗೆಯ ನೆಮ್ಮದಿಯ ದನಿ ಕೇಳಿತು. "ಮೋಟಾರಿನ ಮುಚ್ಚಳದ ಬೋಲ್ಟು ಪರೀಕ್ಷೆಗೇಂತ ನೀವೇ ಸಡಿಲ ಮಾಡಿದ್ದೀರ ಸರ್, ಅದು ಬಿಡಿ. ಬ್ರೇಕು ಒಂದು ಪಕ್ಕ ಉಜ್ತಾ ಇದೆ. ಅದು ನೀವು ಮಾಡಿದ್ದಲ್ಲ."

ನಾನು ಬಾಗಿಲಿಂದ ಇಣುಕಿದೆ. ಮೇಲ್ವಿಚಾರಕರು ಮೋಟಾರು ನಿಲ್ಲಿಸಿ, ಬಗ್ಗಿ, ಬ್ರೇಕಿನ ಅಂಚಿಗೆ ಬೆರಳಿಟ್ಟು ನೋಡಿದರು. ಬೆರಳ ತುದಿಗೆ ಉಜ್ಜಿದ ಪುಡಿ ಹತ್ತಿತ್ತು. ಅವರು ಅದನ್ನು ಪ್ಯಾಂಟಿಗೆ ಒರೆಸಿಕೊಂಡು, "ನಾಳೆ ಗ್ರಂಥಾಲಯದ ಕರೆ ಇದೆ. ನೀನೇ ಹೋಗು. ಮೆಟ್ಟಿಲಲ್ಲಿ" ಅಂದರು.

ಮಧ್ಯಾಹ್ನ ಸಂಭ್ರಮದಿಂದ ಮನೆಗೆ ಬಂದೆವು. ಅಣ್ಣ ಹಣ್ಣು ಹೆಚ್ಚಿ ಇಟ್ಟಿದ್ದ. ಪುಟ್ಟ ಕಾರಣ ತಿಳಿಯದೆಯೇ ಕುಣಿದ. ಶಾಲೆಯಿಂದ ಬಂದ ಇನ್ಸ್‌ಪೆಕ್ಟರ್ ಅಮ್ಮನನ್ನು ತಬ್ಬಿ, ಮುತ್ತು ಕೊಟ್ಟು, ಕಿವಿಯಿಂದ ಪೆನ್ಸಿಲು ತೆಗೆದಳು. "ಬೆಳಿಗ್ಗೆ ನಾನು ಹೋದ್ಮೇಲೆ ಕೂತು ತಿಂದ್ಯಾ?"

ಅತ್ತಿಗೆಯ ಮುಖ ಸಣ್ಣಗಾಯಿತು. "ಇಲ್ಲ ಪುಟ್ಟಿ. ಗಡಿಬಿಡೀಲಿ ನಿಂತೇ ತಿಂದೆ."

"ಹಾಗಾದ್ರೆ ಸಹಿ ಇಲ್ಲ."

ನಾನು ಕಾಡಿದೆ, ಬೇಡಿದೆ. ಇಂಥ ದಿನವಾದರೂ ಒಂದು ರಿಯಾಯಿತಿ ಇರಲಿ ಎಂದೆ. ಅತ್ತಿಗೆಯೇ ನನ್ನನ್ನು ತಡೆದಳು. "ಸುಮ್ನಿರೋ. ಇನ್ಸ್‌ಪೆಕ್ಟರ್ ಹೇಳಿದ್ದು ಸರಿ." ಹಾಗಾಗಿ ಗೆಲುವಿನ ದಿನದ ಆ ಚೌಕ ಇಂದಿಗೂ ಖಾಲಿಯೇ ಇದೆ.

ಮರುದಿನ ಬೆಳಿಗ್ಗೆ ಏಳೂಕಾಲಿಗೆ ನನ್ನ ತಲೆಯ ಮೇಲೆ ದಡದಡ ಹೆಜ್ಜೆಗಳು ಓಡಿದವು, ಆಮೇಲೆ ನಿಂತವು, ಆಮೇಲೆ ಕುರ್ಚಿ ಎಳೆದ ಸದ್ದು ಕೇಳಿಸಿತು. ನಾನೂ ಕತ್ತನ್ನು ವಾಲಿಸಿ ಆಲಿಸಿದೆ. ಮಹಾಸಂಕಲ್ಪಗಳನ್ನು ತೊಟ್ಟು ಬೆಟ್ಟ ಏರುವವರನ್ನು ಜಗತ್ತು ಹೊಗಳುತ್ತದೆ, ಹೊಗಳಲಿ. ಆದರೆ ಮನೆಯವರೆಲ್ಲರ ಕೆಮ್ಮು, ಬಿಕ್ಕು, ನಿಟ್ಟುಸಿರುಗಳಿಗೆ ಕಿವಿಯಾಗಿದ್ದು, ಎಲ್ಲರ ಸದ್ದಿನ ಕೊನೆಗೆ ತಮ್ಮ ಉಸಿರಿಗೂ ಒಂದು ಸರದಿ ಕೊಡಲು ಕಲಿತ ತಾಯಂದಿರದು ಬೇರೆಯೇ ಕುಲ. ನಿನ್ನೆಯ ಚೌಕ ಖಾಲಿ ಉಳಿದದ್ದಕ್ಕೆ ಅವರು ಅಳುತ್ತ ಕೂರುವುದಿಲ್ಲ; ಇವತ್ತಿನ ಕುರ್ಚಿಯನ್ನು ಎಳೆದು, ತಟ್ಟೆಯ ಮುಂದೆ ಕೂರುತ್ತಾರೆ.