ಪಚ್ಚೆಯ ಮುಕ್ಕು

ನಾನು ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಹುಡುಕಿದವರಿಗೆ ತಾನೇ ಹಲ್ಲು ಉಳಿಯುವುದು.

ತೀರಿಹೋದ ನನ್ನ ಅಮ್ಮನ ಪಚ್ಚೆ ಉಂಗುರ ಸವೆದು ದಾರದಷ್ಟಾಗಿತ್ತು. ಕಲ್ಲನ್ನು ಬಿಡಿಸಿ, ತಾನು ಬರೆದ ಚಿತ್ರದಂತೆ ಹೊಸ ಉಂಗುರ ಮಾಡಿಸಿಕೊಡು ಎಂದು ಮಗಳು ಗಂಟುಬಿದ್ದಳು. ಒಂದೇ ಷರತ್ತು, ಕಲ್ಲಿನ ಅಂಚಿನ ಮುಕ್ಕು ಹಾಗೇ ಇರಬೇಕು. ಆ ಮುಕ್ಕಿಗೆ ನಾನೇ ಕಾರಣ. ಚಿಕ್ಕವಳಿದ್ದಾಗ ಏನೋ ಎದುರುತ್ತರ ಕೊಟ್ಟೆ, ಅಮ್ಮ ಕೈ ಬೀಸಿದಳು, ನಾನು ತಲೆ ತಗ್ಗಿಸಿದೆ, ಕೈ ಹೋಗಿ ಕಿಟಕಿಯ ಸರಳಿಗೆ ಬಡಿಯಿತು. ಕಲ್ಲಿನಿಂದ ಎಳ್ಳುಕಾಳಿನಷ್ಟು ಚೂರು ಹಾರಿತು. "ನಿನ್ನ ಕೆನ್ನೆಗೆ ಬೀಳಬೇಕಾದ ಏಟು ಇದು, ಬಾಕಿ ಇದೆ," ಎಂದು ಅಮ್ಮ ಸಾಯುವವರೆಗೂ ಉಂಗುರ ತೋರಿಸಿ ನಗುತ್ತಿದ್ದಳು. ನನ್ನ ಮಗಳು ಅಜ್ಜಿಯ ಮಡಿಲಲ್ಲಿ ಮಲಗಿ, ಆ ಮುಕ್ಕನ್ನು ಉಗುರಿನಿಂದ ತಡವುತ್ತಲೇ ಬೆಳೆದವಳು.

"ಅಕ್ಕಸಾಲಿಗೆ ಮರೀದೆ ಹೇಳು ಅಮ್ಮಾ," ಎಂದಳು.

"ಹೇಳ್ತೀನಿ ಬಿಡು," ಎಂದೆ.

ಹೇಳಲಿಲ್ಲ. ಯಾಕೆ ಹೇಳಬೇಕು? ಗುರುತು ಬಿಟ್ಟುಕೊಟ್ಟರೆ, ಬೇರೆ ಕಲ್ಲಿಗೆ ಅಂಥದ್ದೇ ಮುಕ್ಕು ಮಾಡಿ ನನಗೆ ಚಳ್ಳೆಹಣ್ಣು ತಿನ್ನಿಸುವುದು ಅವನಿಗೆಷ್ಟು ಹೊತ್ತಿನ ಕೆಲಸ? ವಾಪಸು ಬಂದಾಗ ಮುಕ್ಕನ್ನು ಹುಡುಕಿ ನೋಡಿದರಾಯಿತು ಎಂದುಕೊಂಡೆ.

ಮೆಟ್ಟಿಲ ಕೆಳಗಿನ ಒಂದು ಕೋಣೆಯೇ ಅಕ್ಕಸಾಲಿಯ ಅಂಗಡಿ. ಚಿನ್ನ ಉಜ್ಜುವಾಗ ಉದುರುವ ಪುಡಿ ಬೀಳಲೆಂದು ಅವನ ತೊಡೆಯ ಮೇಲೊಂದು ಚರ್ಮ ಹರಡಿತ್ತು. ಬಿದ್ದ ಪುಡಿ ಯಾರ ಪಾಲು ಎಂದು ನನಗೆ ಆಗಲೇ ಅನುಮಾನ. ಅವನು ಭೂತಗನ್ನಡಿಯಲ್ಲಿ ಕಲ್ಲನ್ನು ನೋಡಿದ.

"ಅಕ್ಕಾ, ಇಲ್ಲಿ ಅಂಚಲ್ಲಿ ಒಂದು..."

ಅಕ್ಕಾ ಅಂದನಲ್ಲ, ಆಗಲೇ ಎಚ್ಚೆತ್ತುಕೊಂಡೆ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

"ಗೊತ್ತಪ್ಪ, ಹುಳುಕು ತೋರಿಸಿ ಕೂಲಿ ಏರಿಸೋ ಆಟ," ಎಂದೆ. "ಕಲ್ಲಿನ ವಿಷಯ ನನಗೆ ಪಾಠ ಬೇಡ. ಎಷ್ಟಾಗುತ್ತೆ, ಅದನ್ನ ಹೇಳು."

ಅವನು ಬಾಯಿ ಮುಚ್ಚಿದ. ಆಮೇಲೆ ಹೇಳಿದ ಕೂಲಿ ಕೇಳಿ ನನ್ನ ಬಾಯಿ ತೆರೆಯಿತು. ಆ ದುಡ್ಡಿಗೆ ಅಂಗಡಿಯಲ್ಲಿ ಸಿದ್ಧ ಉಂಗುರವೇ ಬರುತ್ತಿತ್ತು.

"ಸಿದ್ಧ ಉಂಗುರಕ್ಕೆ ತಕ್ಕ ಕಲ್ಲು ತರಬಹುದು," ಎಂದ. "ನಿಮ್ಮ ಕಲ್ಲಿಗೆ ತಕ್ಕ ಉಂಗುರ ಕೈಯಲ್ಲೇ ಆಗ್ಬೇಕು."

ಒಪ್ಪಿದೆ. ಆದರೆ ಹಳೆಯ ಚಿನ್ನ ಅದಲುಬದಲಾಗಬಾರದು, ಅಮ್ಮನ ಉಂಗುರವನ್ನು ನನ್ನ ಕಣ್ಣೆದುರಿಗೇ ಕರಗಿಸು ಎಂದು ಹಠ ಹಿಡಿದೆ. ಕಲ್ಲು ಬಿಡಿಸಿಟ್ಟು, ಅಲ್ಲೇ ಕರಗಿಸಿದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ.

ವಾರದ ಮೇಲೆ ಹೋದೆ. ಉಂಗುರ ತುಂಬಾ ಚೆನ್ನಾಗಿತ್ತು, ಅದೇ ನನಗೆ ಸರಿಬರಲಿಲ್ಲ. ಅಮ್ಮನದು ಕಡುಹಸಿರು, ಇದು ತಿಳಿಹಸಿರು. "ಮೊದಲು ಕಲ್ಲಿನ ಹಿಂದೆ ತಗಡು ಮುಚ್ಚಿತ್ತು, ಈಗ ಬೆಳಕು ಹಾಯುತ್ತೆ," ಎಂದ ಅಕ್ಕಸಾಲಿ. ಅವನ ಭೂತಗನ್ನಡಿ ಕಿತ್ತುಕೊಂಡು ಅಂಚಿನ ಸುತ್ತ ನೋಡಿದೆ. ಮುಕ್ಕಿಲ್ಲ.

"ಕಳ್ಳ! ನನ್ನ ಕಲ್ಲೆಲ್ಲಿ?"

"ಇದೇ ಅಕ್ಕಾ ನಿಮ್ಮದು. ಮುಕ್ಕಿದ್ದ ಕಡೆ ಕಲ್ಲು ಹಿಡಿಯೋ ಕೊಕ್ಕೆ ಕೂರಿಸಿದ್ರೆ ಅಲ್ಲಿಂದಲೇ ಸೀಳ್ತಿತ್ತು. ಅದಕ್ಕೇ ಉಜ್ಜಿ ಸರಿಮಾಡಿದೆ, ಅದರ ಕೂಲೀನೂ ಹಾಕಿಲ್ಲ. ಅವತ್ತೇ ಹೇಳೋಕೆ ಬಂದೆ, ನೀವು ಬಿಡಲಿಲ್ಲ."

"ಇದೇ ಅನ್ನೋದಕ್ಕೆ ಸಾಕ್ಷಿ?"

"ಹಳೇ ಉಂಗುರ ಇದ್ದಿದ್ರೆ ಅದರ ಗುಳೀಲಿ ಕೂರಿಸಿ ತೋರಿಸ್ತಿದ್ದೆ. ನೀವೇ ನಿಂತು ಕರಗಿಸಿದ್ರಿ."

ಅವನ ಮುಖವನ್ನೇ ನೋಡಿದೆ. ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲ, ನೆಟ್ಟಗೆ ನಿಂತಿದ್ದ. ಪಳಗಿದ ಕಳ್ಳನೂ ಹಾಗೇ ನಿಲ್ಲುತ್ತಾನೆ. ಕೂಲಿ ಕೊಟ್ಟು ಹೊರಬಿದ್ದೆ.

ದಾರಿಯುದ್ದಕ್ಕೂ ಅಂಚು ಸವರುತ್ತಿದ್ದೆ. ಅವನು ಕಳ್ಳನಾದರೆ ಅಮ್ಮನ ಕಲ್ಲು ಹೋಯಿತು. ಸತ್ಯವಂತನಾದರೆ ಅಮ್ಮನ ಏಟನ್ನು ಅಳಿಸಿದವಳು ನಾನೇ. ಯಾವುದು ನಿಜವಾಗಲಿ ಎಂದು ಬೇಡಿಕೊಳ್ಳಬೇಕೆಂದೇ ತಿಳಿಯದೆ ನಡುಬೀದಿಯಲ್ಲಿ ಅಳು ಬಂತು.

ಮನೆಯಲ್ಲಿ ಮಗಳು ಉಂಗುರ ತೊಟ್ಟು ಕುಣಿದಳು. ಆಮೇಲೆ ಅವಳ ಉಗುರು ಅಂಚಿಗೆ ಹೋಯಿತು. ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು.

"ಅಜ್ಜಿ ಏಟೆಲ್ಲಿ?"

"ಉಜ್ಜಿ ತೆಗೀದಿದ್ರೆ ಕಲ್ಲೇ ಸೀಳ್ತಿತ್ತಂತೆ."

"ನೀನು ಹೇಳ್ಲಿಲ್ವಾ ಅವರಿಗೆ?"

"ಹೇಳಿದ್ದೆನಲ್ಲ," ಎಂದೆ.

ಅವಳು ಉಂಗುರ ಬಿಚ್ಚಿ, ಕಿಟಕಿಯ ಹತ್ತಿರ ಹೋಗಿ, ಒಂದು ಕಣ್ಣು ಮುಚ್ಚಿ ಬೆಳಕಿಗೆ ಹಿಡಿದಳು. ಆಮೇಲೆ ಹಾಗೆಯೇ ತಿರುಗಿ ನನ್ನನ್ನು ನೋಡಿದಳು. ಅಂಗಡಿಯವರನ್ನು ನಾನು ನೋಡುವ ನೋಟ ಅದು.

"ಅಮ್ಮಾ, ಅಜ್ಜಿ ಕಲ್ಲನ್ನ ನೀನು ಮಾರಿಬಿಟ್ಟಿಲ್ಲ ತಾನೇ?"

ಈ ಸಲ ತಲೆ ತಗ್ಗಿಸುವಷ್ಟು ಹೊತ್ತು ಸಿಗಲಿಲ್ಲ. ಅಮ್ಮನ ಬಾಕಿ ಏಟು ಮಗಳ ಮಾತಾಗಿ ಬಿದ್ದೇಬಿಟ್ಟಿತು, ಕೆನ್ನೆ ಮುಟ್ಟಿಕೊಂಡೆ.